ಕರ್ಪೂರ ತಿನ್ನೋ ಸಂಸಾರ

ತುಂಬಿದ ಸಾವಿನ ಮನೇಲಿ, ಎಲ್ಲರ ಕಣ್ಣೆದುರೇ ಆರತಿ ತಟ್ಟೆಗೆ ಕೈ ಹಾಕಿ ಕರ್ಪೂರ ಎಗರಿಸೋಕೆ ಗುಂಡಿಗೆ ಬೇಕು ಗುರು. ಎಗರಿಸಿದ್ದು ಯಾರು? ಆರ್.ಟಿ. ನಗರದ ಮುಕ್ತಾರ್, ಅಂದ್ರೆ ನಾನೇ. ಶಿಳ್ಳೆ ಹೊಡೀರಿ, ಹೀರೋ ಎಂಟ್ರಿ.

ಎಂಬತ್ಮೂರನೇ ಇಸವಿ, ಹೆಬ್ಬಾಳ. ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಸಿದ್ರಾಮಪ್ಪನೋರನ್ನ ವಿಭೂತಿ ಹಚ್ಚಿ, ಹಾರ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ರು. ಬಂದೋರೆಲ್ಲ ಅವರ ತಮಾಷೆ ನೆನೆಸ್ಕೊಂಡು ನಗೋರೇ. ಪೂಜೆ ಸಾಮಾನಿನ ಅಂಗಡಿ ಮುಚ್ಚಿ ಬಂದಿದ್ದ ಮುನಿನಾರಾಯಣಪ್ಪ, "ದೇವಸ್ಥಾನಕ್ಕಿಂತ ಜಾಸ್ತಿ ಕರ್ಪೂರ ತಗೊಳ್ತಿದ್ದ ಮನುಷ್ಯ ಕಣ್ರೀ. ಒಂದಿನಾನೂ ಹಚ್ಚಿದ್ದು ನೋಡ್ಲಿಲ್ಲ" ಅಂದ್ರು.

ನಾನೊಬ್ಬನೇ ನಗಲಿಲ್ಲ. ನನ್ನ ಜೇಬಲ್ಲಿ ಹತ್ತಿ ಬಿರಡೆ ಹಾಕಿದ ಸೀಸೆ ಇತ್ತು.

*

ಕರ್ಪೂರದ ಮರದ ಬುಡದ ಮಣ್ಣಿಂದ ತೆಗೆದ ಬ್ಯಾಕ್ಟೀರಿಯಾನ ಸಿದ್ರಾಮಪ್ಪನೋರು ಲ್ಯಾಬಿನ ಸೀಸೇಲಿ ಹನ್ನೆರಡು ವರ್ಷ ಸಾಕಿದ್ರು. ಊಟ ಬರೀ ಕರ್ಪೂರ. ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ದಿನ ಆ ಮರದ ಒಂದು ಎಲೆ ಉಜ್ಜಿ ಮೂಗಿಗೆ ಹಿಡಿದು ಹೇಳಿದ್ರು:

"ತಮ್ಮಾ, ಈ ಎಲಿಯೊಳಗ ಕಣ್ಣಿಗೆ ಕಾಣದ ಕೋಣಿ ಅದಾವ. ಅಲ್ಲಿ ಕರ್ಪೂರದ ಅಡಿಗಿ ನಡೀತೈತಿ, ಹುಳ ದೂರ ಇರಲಿ ಅಂತ. ಎಲಿ ಉದುರಿ ಮಣ್ಣಿಗೆ ಬಿತ್ತಂದ್ರ ನಮ್ಮ ಮಂದಿ ಕೆಲಸ ಶುರು. ಗಾಳಿಯಾಗಿನ ಆಮ್ಲಜನಕ ತಂದು ಕರ್ಪೂರಕ್ಕ ಸಿಗಸ್ತಾವ. ಹಿಡಿ ಸಿಕ್ಕಿತಂದ್ರ ಅದರ ಅಣುವಿನ ಉಂಗುರ ಬಿಚ್ಚಿ ಉಂಡುಬಿಡ್ತಾವ."

ಒಂದೇ ಎಚ್ಚರಿಕೆ. ಬೇರೆ ಊಟದ ರುಚಿ ಹತ್ತಿದ್ರೆ ಕರ್ಪೂರ ತಿನ್ನೋ ವಿದ್ಯೇನೇ ಮರೆತುಬಿಡ್ತಾವಂತೆ.

ಅವರು ಆಸ್ಪತ್ರೆ ಸೇರಿದಾಗ ಉಸ್ತುವಾರಿ ನಂದು. ನಾನು ಕರ್ಪೂರದ ಡಬ್ಬಿ ಮುಚ್ಚಳ ತೆಗೆದಿಟ್ಟು ಮ್ಯಾಟಿನಿಗೆ ಓಡಿದೆ. ನಾಲ್ಕು ದಿನ ಬಿಟ್ಟು ನೋಡಿದ್ರೆ ಡಬ್ಬಿ ಖಾಲಿ, ಎಲ್ಲಾ ಗಾಳಿಗೆ ಹಾರಿತ್ತು. ಅಂಗಡಿಗೆ ಹೋಗೋಕೆ ಸೋಮಾರಿತನ, ಸೀಸೆಗೆ ಎರಡು ಚಮಚ ಸಕ್ಕರೆ ಹಾಕ್ದೆ. ವಾರವೆಲ್ಲ ಅದೇ. ಆಸ್ಪತ್ರೆ ಮಂಚದ ಮೇಲೆ ಮಲಗಿದ್ದ ಸಿದ್ರಾಮಪ್ಪನೋರು "ಸೀಸೆಯೊಳಗಿನ ಮಕ್ಕಳು ಹೆಂಗದಾವ" ಅಂತ ಕೇಳಿದ್ರು. ಸೂಪರ್ ಅಂದೆ. ಮಾರನೇ ಬೆಳಗ್ಗೆ ಹೋಗಿಬಿಟ್ರು.

*

ಲ್ಯಾಬಿನ ಆ ಸಕ್ಕರೆ ಸೀಸೆಯಿಂದ ಒಂದೇ ಹನಿ, ತಿನ್ನೋಕೆ ಏನೂ ಇಲ್ಲದ ಹೊಸ ಉಪ್ಪುನೀರಿನ ಇನ್ನೊಂದು ಸೀಸೆಗೆ ಬಿಟ್ಟು ಜೇಬಲ್ಲಿಟ್ಕೊಂಡು ಬಂದಿದ್ದೆ. ಈಗ ಕರ್ಪೂರ ಹಾಕಿ, ಎರಡು ಮೂರು ದಿನದಲ್ಲಿ ನೀರು ತಾನಾಗೇ ಬೆಳ್ಳಗೆ ಮಬ್ಬಾದ್ರೆ ಅವು ತಿಂದು ಬೆಳೀತಿವೆ, ವಿದ್ಯೆ ಉಳಿದಿದೆ. ತಿಳಿಯಾಗೇ ಇದ್ರೆ ಸಿದ್ರಾಮಪ್ಪನೋರ ಹನ್ನೆರಡು ವರ್ಷ ನನ್ನ ಕೈಯಲ್ಲೇ ಖಲಾಸ್. ಅಂಗಡಿ ಮುಚ್ಚಿತ್ತು. ಇದ್ದ ಕರ್ಪೂರ ಅವರ ಹೆಂಡ್ತಿ ಶರಣವ್ವನ ತಟ್ಟೇಲಿ ಮಾತ್ರ.

ಹೀರೋ ಥರ ಹೋದೆ. ಕೈ ಚಾಚಿದೆ.

ಎಗರಿಸಿದೆ ಅಂತ ಕಾಲೇಜಲ್ಲೆಲ್ಲ ಡೈಲಾಗ್ ಹೊಡ್ಕೊಂಡು ತಿರುಗಿದ್ದು ನಿಜ. ಎಗರಿಸಿದ್ದು ಸುಳ್ಳು. ತಟ್ಟೆ ಮುಂದೆ ನಿಂತು ಗೊಳೋ ಅಂತ ಅತ್ತು, ಸಕ್ಕರೆ ಕತೆ ಎಲ್ಲರೆದುರೇ ಬಾಯಿಬಿಟ್ಟೆ. ಶರಣವ್ವ ಕರ್ಪೂರದ ಬಿಲ್ಲೆ ಮುರಿದು, ಅರ್ಧ ಗಂಡನ ಮುಂದೆ ಹಚ್ಚಿ, ಅರ್ಧ ನನ್ನ ಸೀಸೆಗೆ ಹಾಕಿ, ಸೀಸೇನ ತಾವೇ ಇಟ್ಕೊಂಡ್ರು.

"ನೀ ಒಬ್ಬನ ಏನು ಸುಳ್ಳ ಹೇಳಾಂವ? ದೇವರ ಜಗಲಿ ಮ್ಯಾಲಿನ ಕರ್ಪೂರ ಕದ್ದು, ಗಾಳಿಗೆ ಹಾರ್ತು ಅಂತ ಇವರೂ ನನಗ ಹೇಳ್ತಿದ್ರು" ಅಂದ್ರು. ಮನೆಯೆಲ್ಲ ನಗು.

ಮೂರನೇ ದಿನ ಅವರ ಮನೆಗೆ ಹೋದೆ. ನೋಡೋ ಧೈರ್ಯ ಇಲ್ಲದೆ ಬಾಗಿಲಲ್ಲೇ ನಿಂತೆ. ಶರಣವ್ವ ಕಿಟಕಿ ಹತ್ರ ಕೂತು, ಅಕ್ಕಿ ತೊಳೆದ ನೀರಿನಷ್ಟು ಬೆಳ್ಳಗಾಗಿದ್ದ ಸೀಸೇನ ಮೆಲ್ಲಗೆ ತೂಗ್ತಾ, ಅವಕ್ಕೆ ಗಾಳಿ ಆಡಿಸ್ತಿದ್ರು.