ತಾಮ್ರದ ಚರಿಗೆಯ ನೆಲ್ಲಿರಸ

ಬಸುರಿ ಸೊಸೆ ಮೇಘಾಳಿಗೆ ರಕ್ತ ಕಡಿಮೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆಸ್ಪತ್ರೆಯವರು ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದರು. ಕುಷ್ಟಗಿ ಕಡೆಯ ಅವಳ ಮಾವ ಗಿಡ್ಡಪ್ಪನಿಗೆ ಮಾತ್ರ ಗುಳಿಗೆಗಿಂತ ಮೊಬೈಲಿನ ವಿಡಿಯೋ ಮೇಲೆ ಭಕ್ತಿ ಹೆಚ್ಚು.

“ಗಿಡದ ರಸಕ್ಕ ಲೋಹದ ಸತ್ವ ಕೂಡಿದ್ರ, ಅದರ ಮುಂದ ಯಾವ ಗುಳಿಗಿ ನಿಲ್ಲತೈತಿ?” ಎಂದವನೇ ಹಳೆಯ ತಾಮ್ರದ ಚರಿಗೆಯಲ್ಲಿ ನೆಲ್ಲಿಕಾಯಿ ರಸ ತುಂಬಿ, ಬೆಳಗಿನವರೆಗೆ ಮುಚ್ಚಿಟ್ಟ.

ಆ ಮನೆಯಲ್ಲೊಂದು ರೂಢಿ: ಮದ್ದು ಮಾಡಿದವನು ಮೊದಲು ತಾನು ಕುಡಿಯಬೇಕು. ಗಿಡ್ಡಪ್ಪ ಅರ್ಧ ಲೋಟ ಕುಡಿದ. ಸೊಸೆಯ ಲೋಟ ತುಂಬುವಷ್ಟರಲ್ಲಿ ಹೊಟ್ಟೆ ಹಿಂಡಿ ವಾಂತಿಯಾಯಿತು.

ಆಶಾ ಕಾರ್ಯಕರ್ತೆ ಶೇಖರಮ್ಮ ಬಂದಾಗ ಅವನು ಕಟ್ಟೆಯ ಮೇಲೆ ಮುದುಡಿ ಕೂತಿದ್ದ.

“ಏನಾತು ಕಾಕಾ?”

“ಹೊಟ್ಟಿ ಸ್ವಚ್ಛ ಆಗಾಕತ್ತೈತಿ ಬಿಡವ್ವ.”

ಶೇಖರಮ್ಮ ಚರಿಗೆಯೊಳಗೆ ಇಣುಕಿದಳು. “ಇದಕ್ಕ ಒಳಗ ತವರದ ಕಲಾಯಿನ ಇಲ್ಲ. ಹುಳಿ ರಸ ತಾಮ್ರಾನ ತಿಂದು ವಿಷ ಆಗೇತಿ. ಮೇಘಾ ಕುಡದಾಳೇನು?”

ಗಿಡ್ಡಪ್ಪ ದಡಕ್ಕನೆ ಬಾಗಿಲ ಕಡೆ ತಿರುಗಿದ. ಒಳಗಿನಿಂದ ಮೇಘಾಳ ದನಿ: “ಇಲ್ಲಕ್ಕಾ. ನನ್ನ ಪಾಳಿ ಬರೋದ್ರಾಗ ಮಾವಾರು ಹೊರಗ ಓಡಿದ್ರು.”

ಗಿಡ್ಡಪ್ಪನಿಗೆ ಹೋದ ಜೀವ ಬಂದಂತಾಯಿತು. ಶೇಖರಮ್ಮ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು; ಅಲ್ಲಿ ಸಂಜೆಯ ಹೊತ್ತಿಗೆ ಹೊಟ್ಟೆಯೂ ತಣ್ಣಗಾಯಿತು. ಮರಳುವಾಗ ಆಟೋದಲ್ಲಿ ಮತ್ತೆ ಬಾಯಿ ಬಿಟ್ಟ.

“ಹಂಗಾದ್ರ ಗಿಡ, ಲೋಹ ಕೂಡಸೋದು ಸುಳ್ಳೇನವ್ವ?”

“ಸುಳ್ಳಲ್ಲ ಕಾಕಾ. ಯಾವುದರ ಜೋಡಿ ಯಾವುದು, ಎಷ್ಟು ಅನ್ನೋದು ಗೊತ್ತಿರಬೇಕು. ಕಬ್ಬಿಣದ ಗುಳಿಗಿ ಜೋಡಿ ನಿಂಬಿ ರಸಾನೋ ನೆಲ್ಲಿಕಾಯಿನೋ ತಗೊಂಡ್ರ ಕಬ್ಬಿಣ ಮೈಗೆ ಛಲೋ ಹತ್ತತೈತಿ. ಅದರ ಬೆನ್ನಿಗೇ ಚಾ ಕುಡದ್ರ ಹತ್ತಂಗಿಲ್ಲ. ಲೋಹದ ಭಸ್ಮ ಮಾಡೋ ವೈದ್ಯರೂ ಶುದ್ಧಿ ಮಾಡಿ, ಅಳತಿ ನೋಡಿ ಕೊಡ್ತಾರ. ಚರಿಗ್ಯಾಗ ನೆನಿ ಇಡಂಗಿಲ್ಲ.”

“ಅಂದ್ರ ನಂದು ಅರ್ಧ ಖರೇ ಇತ್ತು.”

“ಉಳಿದರ್ಧಾನ ಹೊಟ್ಟ್ಯಾಗಿಂದ ಹೊರಗ ಬಂತಲ್ಲ.”

ಮುಂದಿನ ತಪಾಸಣೆಯಲ್ಲಿ ಮೇಘಾಳ ರಕ್ತ ಏರಿತ್ತು. ಈಗ ಅವಳು ಗುಳಿಗೆ ನುಂಗುವ ಹೊತ್ತಿಗೆ ಗಿಡ್ಡಪ್ಪನೇ ನಿಂಬೆ ಶರಬತ್ತು ತರುತ್ತಾನೆ, ಗಾಜಿನ ಲೋಟದಲ್ಲಿ. ಮೊದಲ ಲೋಟ ಮಾತ್ರ ಈಗಲೂ ಅವನದೇ. ಚರಿಗೆ ಬಚ್ಚಲಿಗೆ ಹೋಗಿದೆ.

ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ ಕಬ್ಬಿಣಾಂಶದ ಗುಳಿಗೆ ತಪ್ಪಿಸಬೇಡಿ. ಜೊತೆಗೆ ನಿಂಬೆ ಇರಲಿ, ಚಹಾ ಒಂದೆರಡು ತಾಸು ದೂರ ಇರಲಿ. ಹುಳಿ ಪದಾರ್ಥವನ್ನು ತಾಮ್ರ, ಹಿತ್ತಾಳೆಯಲ್ಲಿ ಇಡಬೇಡಿ. ಗಿಡಮೂಲಿಕೆಯಾಗಲಿ, ಭಸ್ಮವಾಗಲಿ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಎಲ್ಲರ ಮನೆಯಲ್ಲೂ ಮೊದಲು ಕುಡಿದು ನೋಡುವ ಗಿಡ್ಡಪ್ಪ ಇರುವುದಿಲ್ಲ.