ಬೀರುವಿನ ಕಡೆ ನೋಡುವ ಮಗು

ಸಂಜೆ ಐದೂಮುಕ್ಕಾಲಿಗೆ ಮಗು ಅಳಲು ಶುರುಮಾಡುತ್ತಿತ್ತು. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಕಣ್ಣು ಮಾತ್ರ ಮೂಲೆಯ ಬೀರುವಿನ ಮೇಲೆ. ಎಂಟು ಗಂಟೆಗೆ, ಯಾರೋ ಬಾಯಿ ಮುಚ್ಚಿದ ಹಾಗೆ, ಥಟ್ಟನೆ ನಿಲ್ಲುತ್ತಿತ್ತು.

ಎರಡು ವಾರದಿಂದ ಹೀಗೇ. ಹೆತ್ತ ಅಕ್ಕನೇ ಆ ಹೊತ್ತಿನಲ್ಲಿ ಮಗುವನ್ನು ಮುಟ್ಟುವುದನ್ನು ಬಿಟ್ಟಿದ್ದಳು.

"ಹಗಲೆಲ್ಲ ನನ್ನ ಕೂಸೇ ಕಣೇ. ಸಂಜೆ ಆದ್ರೆ ಇದು ಬೇರೆ ಯಾರೋ. ನೀನೇ ಎತ್ಕೋ."

ತಂಗಿ ಬಂದು ಎತ್ತಿಕೊಳ್ಳುತ್ತಿದ್ದಳು. ಮಾತು ಕಡಿಮೆಯೆಂದು ಮನೆಯವರು ಅವಳಿಗೆ ಮೂಗಿ ಎಂದೇ ಹೆಸರಿಟ್ಟಿದ್ದರು. ಮನೆಯಲ್ಲೇ ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುವುದು ಅವಳ ಕೆಲಸ.

ಅವತ್ತು ಬೆಳಿಗ್ಗೆ ಬಂದ ನರ್ಸಮ್ಮ ಮಗುವನ್ನು ತೂಗಿ, ಹೊಟ್ಟೆ ಮುಟ್ಟಿ ನೋಡಿದರು.

"ತೂಕ ಏರಿದೆ. ಜ್ವರ ಇಲ್ಲ, ವಾಂತಿ ಇಲ್ಲ, ಹಾಲೂ ಚೆನ್ನಾಗಿ ಎಳೀತಾನೆ. ಅಳುವಾಗ ಮುಷ್ಟಿ ಬಿಗೀತಾನಾ? ಮೊಣಕಾಲು ಹೊಟ್ಟೆಗೆ ಎಳ್ಕೋತಾನಾ? ಹಾಗಿದ್ರೆ ಕಾಲಿಕ್ ಕಣಮ್ಮ, ಕೂಸುಗಳಿಗೆ ಬರೋ ಹೊಟ್ಟೆನೋವು. ಮೂರ್ನಾಲ್ಕು ತಿಂಗಳಾದ್ರೆ ತಾನಾಗೇ ಹೋಗುತ್ತೆ."

"ಬೀರುನೇ ಯಾಕೆ ನೋಡ್ತಾನೆ?" ಅಕ್ಕ ಕೇಳಿದಳು. ನರ್ಸಮ್ಮ ಆಗಲೇ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದರು.

ಉತ್ತರ ಮೂಗಿಗೆ ಹೊಳೆದದ್ದು ಸಂಜೆ. ಮಡಿಸಿದ ಬಟ್ಟೆ ಜೋಡಿಸಲು ಅವಳಿಗೆ ಮಂಚ ಬೇಕಿತ್ತು. ಅದಕ್ಕೇ ದಿನವೂ ಐದೂವರೆಗೆ ಅವಳೇ ಮಗುವನ್ನು ಮಂಚದಿಂದೆತ್ತಿ ಗಾಲಿ ತೊಟ್ಟಿಲಿಗೆ ಹಾಕುತ್ತಿದ್ದಳು. ತೊಟ್ಟಿಲಿನ ಎದುರಿಗೇ ಬೀರು. ಕೂಸು ಇನ್ನೇನು ನೋಡಬೇಕು?

ತೊಟ್ಟಿಲನ್ನು ಕಿಟಕಿಯತ್ತ ತಿರುಗಿಸಿ ಕಾದಳು. ಐದೂಮುಕ್ಕಾಲು. ಮಗು ಕಿರುಚಿತು, ಕಿಟಕಿಯನ್ನೇ ನೋಡುತ್ತ.

"ನೋಡಿದ್ಯೇನಕ್ಕ? ಬೀರು ಅಲ್ಲ."

ಅಕ್ಕ ಗೋಡೆಗೆ ಅಂಟಿಕೊಂಡು ಪಿಸುಗುಟ್ಟಿದಳು: "ಹಾಗಾದ್ರೆ ಅದು ಕಿಟಕಿಗೆ ಬಂದಿದೆ."

ಮೂಗಿ ತೊಟ್ಟಿಲ ಅಂಚು ಹಿಡಿದುಕೊಂಡಳು. ನೋಡಬಾರದು ಎಂದುಕೊಂಡೇ ನೋಡಿದಳು. ಕಪ್ಪಾಗುತ್ತಿದ್ದ ಗಾಜಿನಲ್ಲಿ ಇಬ್ಬರು ಹೆಂಗಸರು, ಒಂದು ತೊಟ್ಟಿಲು. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಅಕ್ಕನ ಕೈಯನ್ನು ಎಳೆದು ತಂದು ಮಗುವಿನ ಹೊಟ್ಟೆಯ ಮೇಲಿಟ್ಟಳು. ತಮಟೆಯ ಹಾಗೆ ಬಿಗಿದಿತ್ತು. ಮೊಣಕಾಲುಗಳು ಬಂದು ಆ ಕೈಗೇ ಒತ್ತಿದವು.

"ಇಲ್ಲಿದೆ ಅಕ್ಕ. ಹೊರಗೆ ಎಲ್ಲೂ ಇಲ್ಲ."

ಅಷ್ಟರಲ್ಲಿ ಮಗು ಡರ್ರೆಂದು ಹೂಸಿತು.

"ಇದೂ ಬೇರೆ ಯಾರೋ ಬಿಟ್ಟಿದ್ದಾ?"

ಅಕ್ಕ ನಗಲಿಲ್ಲ. ಆದರೆ ಬಗ್ಗಿ ಮಗುವನ್ನು ಎತ್ತಿಕೊಂಡಳು. ಅಳು ನಿಲ್ಲಲಿಲ್ಲ. ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆದಳು. ಕಿಟಕಿ ಎದುರಾದಾಗಲೆಲ್ಲ ಅಂಗೈಯಿಂದ ಮಗುವಿನ ಕಣ್ಣು ಮರೆಮಾಡಿದಳು. ಎಂಟು ಹೊಡೆಯುವವರೆಗೂ ಕೆಳಗಿಡಲಿಲ್ಲ.