ಬಲಗೈಗೆ ಕಟ್ಟಿದ ಬಟ್ಟೆ

ಈ ಸುಗ್ಗಿಯಲ್ಲಿ ಮಗಳು ಕಚ್ಚಿದ್ದು ಇದು ಮೂರನೇ ಸಲ. ಮೂರು ಸಲವೂ ತಾಯಿಯ ಬಲಗೈಯನ್ನೇ. ಆರು ವರ್ಷದ ಕೂಸಿನ ಹಲ್ಲು ಅಷ್ಟು ಆಳಕ್ಕಿಳಿದದ್ದು ನೋಡಿ ತಾಯಿ ಹೆದರಿದಳು. ನೋವಿಗಲ್ಲ, ಕಚ್ಚುವಾಗ ಮಗುವಿನ ಕಣ್ಣಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲವಲ್ಲ, ಅದಕ್ಕೆ.

"ಇದೇನು ಮಗುವೋ ಮುಂಗುಸಿಯೋ!" ಎಂದಳು ಅತ್ತೆ. "ನಾಳೆ ಇವಳ ಸೋದರಮಾವ ಬರ್ತಾನೆ, ಜೊತೇಲಿ ಕಳಿಸ್ಬಿಡು. ನಾಲ್ಕು ತಿಂಗಳು ಅಲ್ಲಿದ್ರೆ ಹಲ್ಲು ಮೆತ್ತಗಾಗುತ್ತೆ."

"ಹೂಂ" ಎಂದಳು ತಾಯಿ.

ಬೆಳಿಗ್ಗೆ ಮಗಳ ಬಟ್ಟೆಯ ಗಂಟು ಕಟ್ಟುವಾಗ ಹಾಸಿಗೆಯಡಿ ಚಿಂದಿಗಳು ಸಿಕ್ಕವು. ಹಳೇ ಹೊದಿಕೆಯನ್ನು ಒಂದೇ ಅಗಲಕ್ಕೆ ಹರಿದು, ಸುರುಳಿ ಸುತ್ತಿ, ಸಾಲಾಗಿ ಇಟ್ಟ ಏಳು ಚಿಂದಿ. ಮಕ್ಕಳಾಟದ ಅಚ್ಚುಕಟ್ಟಲ್ಲ ಅದು.

"ಏನೇ ಇದು?"

"ನಿನ್ನ ಕೈಗೆ. ಸುಗ್ಗಿ ಮುಗಿಯೋವರೆಗೆ ಸಾಕಾಗುತ್ತೆ."

ಕೈಗೆ ಬಟ್ಟೆ ಸುತ್ತಿದವರನ್ನು ಒಕ್ಕಣೆ ಯಂತ್ರದ ಚಾಲಕ ಅದರ ಬಾಯಿಯ ಹತ್ತಿರ ಬಿಡುತ್ತಿರಲಿಲ್ಲ. ಒಂದೆಳೆ ಸಿಕ್ಕಿದರೂ ತೋಳೇ ಹೋಯಿತು. ಹಾಗಾಗಿ ಮಗಳು ಕಚ್ಚಿದ ಗಾಯಕ್ಕೆ ಬಟ್ಟೆ ಕಟ್ಟಿಕೊಂಡು ಹೋದ ಇವಳನ್ನು ಎರಡು ಸಲ ಮನೆಗೆ ಅಟ್ಟಿದ್ದ. ಹಿಂದಿನ ಸುಗ್ಗಿಯಲ್ಲಿ ಅದೇ ಬಾಯಿ, ತೆನೆಯ ಸೂಡು ತಿನ್ನಿಸುತ್ತಿದ್ದ ಮಗುವಿನ ಚಿಕ್ಕಮ್ಮನ ಎರಡು ಬೆರಳು ನುಂಗಿತ್ತು. ನೀರಿನ ತಂಬಿಗೆ ಹಿಡಿದು ಮಗು ಅಲ್ಲೇ ನಿಂತಿತ್ತು. 'ಮಗುವಿಗೇನು ಗೊತ್ತಾಗುತ್ತೆ' ಎಂದಿದ್ದರು ಎಲ್ಲರೂ; ತಾನೂ ಎಂದಿದ್ದಳು. ಮಾರನೇ ದಿನವೇ ಚಿಕ್ಕಮ್ಮನ ಜಾಗದಲ್ಲಿ ತಾನು ನಿಂತಿದ್ದಳು.

"ಕಚ್ಚಿದ್ರೆ ನನಗೆ ನೋಯಲ್ವೇನೇ?"

"ನೋಯುತ್ತೆ. ಆದ್ರೆ ಬೆರಳು ಇರುತ್ತಲ್ಲ."

ಕಣದಲ್ಲಿ ಯಂತ್ರ ಗುರ್ರೆಂದಿತು. ಮಗಳು ಬೆಚ್ಚಿ ಅಮ್ಮನ ಆ ಬಲಗೈಯನ್ನು ಎದೆಗೆ ಅವಚಿಕೊಂಡಳು. ಕೈಯೂ ನಡುಗುತ್ತಿತ್ತು. ಕಳೆದ ಸುಗ್ಗಿಯಿಂದ, ಪ್ರತಿ ಸೂಡಿಗೂ ನಡುಗುತ್ತಿದ್ದ ಕೈ ಅದು, ಯಾರಿಗೂ ಹೇಳಿರಲಿಲ್ಲ.

ಕಟ್ಟಿದ್ದ ಗಂಟು ಬಿಚ್ಚಿ, ಅತ್ತೆಯ ಗೊಣಗಾಟ ಬೆನ್ನಿಗೆ ಹಾಕಿ, ಮಗಳನ್ನು ಎತ್ತಿಕೊಂಡು ಕಣಕ್ಕೆ ನಡೆದಳು.

"ಮತ್ತೆ ಬಟ್ಟೆನಾ? ಎರಡು ದಿನ ಬಿಟ್ಟು ಬಾರಮ್ಮ" ಎಂದ ಚಾಲಕ.

"ಇನ್ಮೇಲೆ ಬಾಯಿಗೆ ಬರಲ್ಲಣ್ಣ. ಹಿಂದೆ ಹುಲ್ಲು ಎಳೀತೀನಿ."

"ಯಾಕೆ, ಹೆದರಿಕೇನಾ?" ಆತ ನಕ್ಕ.

"ಹೌದು" ಎಂದಳು.

ದಿನವಿಡೀ ಅವಳು ಹುಲ್ಲು ಎಳೆದಳು. ಮಗಳು ಬಣವೆಯ ಪಕ್ಕ ಕೂತು, ಅಮ್ಮ ಪ್ರತಿಸಲ ತಿರುಗಿದಾಗಲೂ ಅವಳ ಬೆರಳು ಎಣಿಸಿಕೊಳ್ಳುತ್ತಿದ್ದಳು.